ಮೂಗಿನ ತುದಿಯ ಕೋಪ

ಬಂಗಾರಪೇಟೆ
೯ ಜನವರಿ ೨೦೨೪

ಸೆಲ್ವ ಮಾಮನವರಿಗೆ,

ಅರುಣಕುಮಾರಿಯ ನಮಸ್ಕಾರ. ನಿನ್ನೆ ಫೋನ್ ಮಾಡಿದ್ದು ನಾನೇ. ಕೋದಂಡಪ್ಪನ ಮಗಳು ಅಂದ ತಕ್ಷಣ ನೀವು “ಏನಿದ್ರೂ ಕಾಗ್ದ ಬರಿಯಮ್ಮ” ಎಂದು ಇಟ್ಟುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೆ ಇದು ಗೊತ್ತಿಲ್ಲ.

ಸ್ಟೇಷನ್ ರಸ್ತೆಯಲ್ಲಿ ನೀವೂ ಅಪ್ಪನೂ ಒಂದೇ ಪಾನಿಪುರಿ ಗಾಡಿ ನಡೆಸುತ್ತಿದ್ದಾಗ ನಾನು ಶಾಲೆ ಬಿಟ್ಟು ಬಂದು ಗಾಡಿಯ ಹಿಂದೆ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ನಿಮ್ಮ ತಮಿಳಿನಲ್ಲಿ ಮಗುವಿಗೆ ಅನ್ನುವ ಹಾಗೆ ನನ್ನನ್ನು ‘ಪಾಪ’ ಎನ್ನುತ್ತಿದ್ದಿರಿ. ನೀವು ಜಗಳವಾಡಿ ಆಂಡರ್ಸನ್‌ಪೇಟೆಗೆ ಹೋಗಿ ಸ್ವಂತ ಅಂಗಡಿ ಹಾಕಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ನಿಮ್ಮ ಹೆಸರು ಎತ್ತುವಂತಿಲ್ಲ. ಆದರೂ ಅಪ್ಪನ ಕೈ ಬಲ್ಲವರು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಅಪ್ಪನ ಪಾನಿ ಕೆಟ್ಟಿದೆ ಮಾಮ. ನಮ್ಮೂರ ಪಾನಿ ನೋಡಲು ಬರೀ ನೀರು, ಬಣ್ಣ ನೋಡಿ ಏನೂ ತಿಳಿಯುವುದಿಲ್ಲ. ಒಂದು ದಿನ ಬೆಳ್ಳುಳ್ಳಿ ಘಾಟು, ಒಂದು ದಿನ ಬಾಯಿಗಿಡಲಾಗದ ಉಪ್ಪು. ಮೊನ್ನೆಯಂತೂ ಹಿಂದಿನ ದಿನದ ಪಾನಿ ಹುಳಿತು ಹೋಗಿದ್ದರೂ ಹಾಗೇ ಬಡಿಸಿಬಿಟ್ಟರು. ಸಂಜೆ ರೈಲು ಇಳಿದು ನೇರ ನಮ್ಮ ಗಾಡಿಗೇ ಬರುತ್ತಿದ್ದ ಆದಿನಾರಾಯಣ ಅಣ್ಣ, ಪಾಪ, ಮೆಲ್ಲಗೆ ಹೇಳಿದರು: “ಕೋದಂಡಣ್ಣ, ಇವತ್ತು ಯಾಕೋ ಸ್ವಲ್ಪ...”

“ಸ್ವಲ್ಪ ಏನು? ಬೆಂಗ್ಳೂರಾಗೆ ಆ ಅಸ್ರು ಬಣ್ಣದ್ ನೀರು ಕುಡ್ದು ಕುಡ್ದು ನಿನ್ ನಾಲ್ಗೆ ಕೆಟ್ಟೈತೆ. ನನ್ ಪಾನಿಗೇನಾಗೈತೆ?”

ಅವರು ಅರ್ಧ ತಟ್ಟೆ ಬಿಟ್ಟು ಹೋದರು. ಮತ್ತೆ ಈ ಕಡೆ ಬಂದಿಲ್ಲ. ಮನೆಯಲ್ಲಿ ನಾನು ಬಾಯಿ ತೆರೆದರೆ, “ಏನಮ್ಮಿ, ನಂಗೇ ಪಾನಿ ಮಾಡೋದ್ ಕಲಿಸ್ತೀಯಾ?” ಅಮ್ಮ ಹೇಳಿದರೆ ಅವಳು ಕರಿದ ಪೂರಿಯ ತಪ್ಪು. ಯಾರೂ ಹೇಳದಿದ್ದರೆ, “ಯಾಕೆ ಎಲ್ಲ್ರೂ ಮಕ ಗಂಟಿಕ್ಕೊಂಡವ್ರೆ?”

ನಾನು ಬೂದಿಕೋಟೆಯ ಹಾಲಿನ ಸಂಘದಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಹಾಲಿನಲ್ಲಿ ಫ್ಯಾಟ್ ಕಡಿಮೆ ಬಂತು ಅಂದರೆ ಸಾಕು, ಜನ ಮೈಮೇಲೆ ಬೀಳುತ್ತಾರೆ. ಅಲ್ಲಿ ಮೆಷಿನ್ ತೋರಿಸಿ ಸುಮ್ಮನಾಗಬಹುದು. ಮನೆಯಲ್ಲಿ ಏನು ತೋರಿಸಲಿ?

ನಿಮ್ಮ ಪಾಪ,
ಅರುಣಾ

*

ಆಂಡರ್ಸನ್‌ಪೇಟೆ, ಕೆ.ಜಿ.ಎಫ್.
೨೦ ಜನವರಿ ೨೦೨೪

ಅರುಣಾ ಪಾಪಗೆ ಆಶೀರ್ವಾದ.

ಫೋನ್ ಇಟ್ಟಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಒಬ್ಬರು ಹೇಳಿ ಮುಗಿಸುವ ಮೊದಲೇ ಇನ್ನೊಬ್ಬರು ಉತ್ತರ ಕೊಟ್ಟುಬಿಡುತ್ತಾರೆ. ನಾನೂ ನಿಮ್ಮಪ್ಪನೂ ಕೆಟ್ಟದ್ದು ಹಾಗೇ. ಕಾಗದವಾದರೆ ಪೂರ್ತಿ ಓದಲೇಬೇಕು. ನನ್ನ ಮನೆ ಮಾತು ತಮಿಳು, ಕನ್ನಡ ಕಲಿತದ್ದು ಇಲ್ಲಿನ ಸರ್ಕಾರಿ ಶಾಲೆಯಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದು.

ಜಗಳ ಏನೆಂದು ನಿನಗೆ ಯಾರೂ ಹೇಳಿರಲಾರರು. ಯುಗಾದಿಯ ಹಿಂದಿನ ಸಂಜೆ, ಗಾಡಿಯ ಸುತ್ತ ಜನ. ಬೆಳ್ಳುಳ್ಳಿ ಹೆಚ್ಚಾಗಿದೆ ಅಂತ ಎಲ್ಲರೆದುರು ಅಂದೆ. ಕೋದಂಡ ಪಾನಿಯ ಹಂಡೆಯನ್ನು ಎತ್ತಿ ಮೋರಿಗೆ ಸುರಿದ. “ಈಗ ಸರಿಯಾಯ್ತಾ? ಇನ್ ನೀನೇ ಮಾಡ್ಕೊ” ಅಂದು ಮನೆಗೆ ಹೋದ. ಮರುದಿನ ನಾನೂ ಹೋಗಲಿಲ್ಲ. ಅಷ್ಟೇ.

ನಿನ್ನ ಕಾಗದ ಬಂದಾಗ, ಅವನ ಪಾನಿ ಏನಾದರೆ ನನಗೇನು ಅಂದುಕೊಂಡೆ. ಆಮೇಲೆ ನಿದ್ದೆ ಬರಲಿಲ್ಲ. ಹುಳಿತ ಪಾನಿ ಬಡಿಸಿದ ಅಂತ ಬರೆದಿದ್ದೀಯಲ್ಲ, ಅದು ಕೋದಂಡ ಅಲ್ಲ. ಅವನು ಪಾನಿಯ ರುಚಿ ನೋಡಿದ್ದನ್ನು ನಾನು ಕಂಡೇ ಇಲ್ಲ. ಮುಚ್ಚಳ ಎತ್ತಿ ಮೂಗು ಹತ್ತಿರ ಒಯ್ದರೆ ಸಾಕು, ಶುಂಠಿ ಕಡಿಮೆ, ಮೆಣಸಿನಕಾಯಿ ಮಾಗಿದ್ದು ಬಿದ್ದಿದೆ, ಎಲ್ಲ ಹೇಳುತ್ತಿದ್ದ. ಈಗಲೂ ಹಾಗೆ ಮಾಡುತ್ತಾನಾ ನೋಡು. ಕೇಳಬೇಡ, ನೋಡು ಮಾತ್ರ.

ಇಂತಿ,
ಸೆಲ್ವರಾಜ್

*

ಬಂಗಾರಪೇಟೆ
೧೧ ಫೆಬ್ರವರಿ ೨೦೨೪

ಮಾಮ,

ನೋಡಿದೆ. ಮುಚ್ಚಳ ಎತ್ತುತ್ತಾರೆ, ಬಗ್ಗುತ್ತಾರೆ, ಉಸಿರೆಳೆಯುತ್ತಾರೆ. ಮುಖದಲ್ಲಿ ಏನೂ ಆಗುವುದಿಲ್ಲ. ಆಮೇಲೆ ಕಳ್ಳನಂತೆ ಅಮ್ಮನ ಮುಖ ನೋಡುತ್ತಾರೆ. ಅಮ್ಮ ಸುಮ್ಮನಿದ್ದರೆ ಮುಚ್ಚಳ ಹಾಕುತ್ತಾರೆ. ಅಮ್ಮನ ಹುಬ್ಬು ಮೇಲೇರಿದರೆ ಇನ್ನಷ್ಟು ಉಪ್ಪು ಸುರಿಯುತ್ತಾರೆ.

ಇಷ್ಟರಲ್ಲೇ ನಿಮಗೆ ಬರೆಯಬೇಕೆಂದಿದ್ದೆ, ಅಷ್ಟರಲ್ಲಿ ಬೇರೆಯೇ ಆಯಿತು. ಹೋದ ಭಾನುವಾರ ಅಮ್ಮ ಪೂರಿ ಕರಿದು ಮುಗಿಸಿ ಅಂಗಡಿಗೆ ಹೋಗಿದ್ದಳು. ನಾನು ಮಹಡಿಯಲ್ಲಿ ಬಟ್ಟೆ ಒಣಹಾಕಿ ಇಳಿದು ಬರುವಾಗ ಹೊಸಿಲಿನಲ್ಲೇ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಒಲೆಯ ಒಂದು ತಿರುಪು ಪೂರ್ತಿ ಮುಚ್ಚಿರಲಿಲ್ಲ. ಅಪ್ಪ ಆಲೂಗಡ್ಡೆ ಪಾತ್ರೆಯನ್ನು ಒಲೆಯ ಮೇಲಿಟ್ಟು, ಕೈಯಲ್ಲಿ ಲೈಟರ್ ಹಿಡಿದು ಬಗ್ಗಿದ್ದರು.

ಹೇಗೆ ಓಡಿದೆನೋ ಗೊತ್ತಿಲ್ಲ. ಅವರ ಕೈಗೆ ಹೊಡೆದೆ. ಲೈಟರ್ ಹಾರಿ ಹೊರಗೆ ಬಿತ್ತು.

“ಏನ್ ಬಂತಮ್ಮಿ ನಿಂಗೆ? ಅಪ್ಪನ್ ಮೇಲೇ ಕೈ ಮಾಡ್ತೀಯಾ?”

“ಗ್ಯಾಸ್ ವಾಸ್ನೆ ಬತ್ತಾ ಇಲ್ವಾ ನಿಂಗೆ?”

“ಯಾವ ವಾಸ್ನೆ? ಏನೂ ಇಲ್ಲ!”

ನಾನು ತಿರುಪು ಮುಚ್ಚಿ, ಸಿಲಿಂಡರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆದೆ. ಪಕ್ಕದ ಮನೆಯ ಶ್ಯಾಮಲಾ ಆಂಟಿ ಅಷ್ಟು ದೂರದಿಂದಲೇ ಮೂಗು ಮುಚ್ಚಿಕೊಂಡು, “ಗ್ಯಾಸ್ ಲೀಕ್ ಆಗ್ತೈತೆ ನೋಡ್ರೀ” ಎಂದು ಓಡಿ ಬಂದರು. ಅಪ್ಪ ಅವರನ್ನು ನೋಡಿದರು, ನನ್ನನ್ನು ನೋಡಿದರು. ಆ ಗಳಿಗೆಯಲ್ಲಿ ಅವರಿಗೆ ಗೊತ್ತಾಯಿತು ಮಾಮ. ನನಗೆ ಕಾಣಿಸಿತು. ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೂ ಅಂದುಬಿಟ್ಟೆ: “ನಿಂಗೆ ಮೂಗೇ ಓಗೈತೆ, ಒಪ್ಕೊಳಪ್ಪ!”

ಶ್ಯಾಮಲಾ ಆಂಟಿಯ ಎದುರಿಗೆ.

ಅಪ್ಪನ ಮುಖ ಕಲ್ಲಾಯಿತು. “ಈಗಿನ್ ಗ್ಯಾಸ್‌ಗೆ ವಾಸ್ನೇನೇ ಆಕಾಕಿಲ್ಲ, ಎಲ್ಲಾ ಮೋಸ” ಎಂದರು. ಆಮೇಲೆ, ನೆಗಡಿ ಅಂದರು. ಆಮೇಲೆ, ಒಲೆ ಮುಚ್ಚದೆ ಹೋದದ್ದು ಅಮ್ಮನ ತಪ್ಪು ಅಂದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ನಾನು ತಟ್ಟೆ ಇಟ್ಟರೆ ಅಮ್ಮನನ್ನು ಕರೆದು, “ಇನ್ನೊಂದ್ ಮುದ್ದೆ ಬೇಕು ಅಂತ ಅವ್ಳಿಗೆ ಏಳು” ಎನ್ನುತ್ತಾರೆ.

ಡಾಕ್ಟರ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಗಾಡಿ ಮುಚ್ಚಿಸಿಬಿಡೋಣ ಅನ್ನಿಸುತ್ತಿದೆ. ಏನು ಮಾಡಲಿ?

ಅರುಣಾ

*

ಆಂಡರ್ಸನ್‌ಪೇಟೆ
೧೫ ಫೆಬ್ರವರಿ ೨೦೨೪

ಪಾಪ,

ಕಾಗದ ಓದಿದ ಕೂಡಲೇ ಬರೆಯಲು ಕೂತೆ. ಮೊದಲು ಕೆಲಸದ ಮಾತು. ಒಲೆ ಹಚ್ಚುವುದು ಇನ್ನು ನಿಮ್ಮಮ್ಮ ಕದಿರಮ್ಮ ಮಾತ್ರ. ಆದರೆ ‘ನೀನು ಹಚ್ಚಬೇಡ’ ಅಂತ ಅವನಿಗೆ ಹೇಳಬೇಡಿ. ಲೈಟರ್ ಕದಿರಮ್ಮನ ಸೆರಗಿನಲ್ಲಿರಲಿ, ಅಷ್ಟೇ.

ಗಾಡಿ ಮುಚ್ಚಿಸುವ ಮಾತು ಬಿಡು. ಕೋದಂಡನಿಗೆ ಹೊಲ ಇಲ್ಲ, ಹೆಚ್ಚು ಓದಿಲ್ಲ, ಗಣಿ ಕೆಲಸ ನಮ್ಮ ಕಾಲಕ್ಕೇ ಮುಗಿದಿತ್ತು. ಅವನ ಹತ್ತಿರ ಇದ್ದದ್ದು ಆ ಮೂಗು ಒಂದೇ. ಊರೆಲ್ಲ ‘ಕೋದಂಡಪ್ಪನ ಪಾನಿ’ ಅನ್ನುವುದು ಆ ಮೂಗಿಗೆ. ಅದು ಹೋಯಿತು ಅಂದರೆ ಅವನಿಗೆ ಕೇಳಿಸುವುದು ‘ನೀನು ಮುಗಿದೆ’ ಅಂತ. ಮೈಮೇಲೆ ಬೀಳದೆ ಇನ್ನೇನು ಮಾಡುತ್ತಾನೆ?

ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವನನ್ನು ಗೋಡೆಗೆ ಒತ್ತಿ ಒಪ್ಪಿಸಲು ಹೋದರೆ ಗೋಡೆ ಬೀಳಬಹುದೇ ಹೊರತು ಅವನು ಒಪ್ಪುವುದಿಲ್ಲ. ಅವನ ಕಾಲಿನ ಮೇಲೆ ಅವನೇ ನಡೆದು ಬರುವ ಹಾಗೆ ಒಂದು ದಾರಿ ಬೇಕು.

ಅದೇನು ದಾರಿ ಅಂತ ನನಗೂ ಗೊತ್ತಿಲ್ಲ. ಯೋಚನೆ ಮಾಡುತ್ತಿದ್ದೇನೆ. ನಾನು ಅಲ್ಲಿಗೆ ಬರುವುದು ಆಗದ ಮಾತು, ಅದನ್ನು ಕೇಳಬೇಡ.

ಸೆಲ್ವರಾಜ್

*

ಆಂಡರ್ಸನ್‌ಪೇಟೆ
೧೦ ಮಾರ್ಚ್ ೨೦೨೪

ಅರುಣಾ ಪಾಪಗೆ,

ಬಂದಿದ್ದೆ. ನೀನು ಸಂಜೆಯ ಹಾಲು ತೆಗೆದುಕೊಳ್ಳಲು ಬೂದಿಕೋಟೆಯಲ್ಲಿದ್ದಿರಬೇಕು. ನಡೆದದ್ದು ಹೇಳುತ್ತೇನೆ. ನಿಮ್ಮಪ್ಪ ಮನೆಯಲ್ಲಿ ಹೇಳಿರುವುದಿಲ್ಲ.

ನಮ್ಮ ಕಡೆಯ ಮಾರಿಕುಪ್ಪಂ ರೈಲಿಗೆ ಬಂದು ಇಳಿದೆ. ಗಾಡಿಯ ಹತ್ತಿರ ಇಬ್ಬರು ಹುಡುಗಿಯರು ತಿನ್ನುತ್ತಿದ್ದರು. ಅವರ ಹಿಂದೆ ನಿಂತೆ. ಕೋದಂಡ ತಲೆ ಎತ್ತಿದ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನದೂ ಹಾಗೇ ಇದೆ ಅಂತ ಅವನ ಮುಖ ನೋಡಿದಾಗ ತಿಳಿಯಿತು.

“ಏನ್ ಬೇಕು?” ಅಂದ, ಗುರುತಿಲ್ಲದವನ ಹಾಗೆ.

“ಒಂದ್ ಪ್ಲೇಟ್ ಕೊಡು.”

ಕೊಟ್ಟ. ಪಾಪ, ಅಷ್ಟು ಉಪ್ಪು ಸಮುದ್ರದಲ್ಲೂ ಇರುವುದಿಲ್ಲ. ನಾಲಿಗೆಯ ತುದಿಗೆ ಮಾತು ಬಂತು. ಅದೇ ಗಾಡಿ, ಅದೇ ಜಾಗ, ಜನ ಬೇರೆ. ಮಾತನ್ನೂ ಪೂರಿಯನ್ನೂ ಒಟ್ಟಿಗೆ ನುಂಗಿದೆ. ತಟ್ಟೆ ಖಾಲಿ ಮಾಡಿ ಇನ್ನೊಂದು ಕೇಳಿದೆ.

ಅವನು ನನ್ನ ಬಾಯನ್ನೇ ನೋಡುತ್ತಿದ್ದ. ನಾನು ಏನಾದರೂ ಅನ್ನಲಿ ಅಂತ ಕಾಯುತ್ತಿದ್ದ. ಕೈಯಲ್ಲಿ ಸೌಟು ಬಿಗಿಯಾಗಿತ್ತು. ನಾನು ಪಾನಿಯ ಮಾತೇ ಎತ್ತಲಿಲ್ಲ. ಹುಡುಗಿಯರು ಹೋದ ಮೇಲೆ ನನ್ನ ಕಣ್ಣಿನ ಕಥೆ ಹೇಳಿದೆ.

“ಓದ್ ವರ್ಷ ಕಣ್ಣು ಆಪ್ರೇಷನ್ ಆಯ್ತು ಕೋದಂಡ. ಅದಕ್ಕೆ ಮುಂಚೆ ಎರಡ್ ವರ್ಷ ಮನೇಲಿ ದಿನಾ ಜಗಳ. ಬಲ್ಬ್ ಡಿಮ್ ಐತೆ ಅಂತ ನಾನು, ಬಲ್ಬ್ ಸರಿಯಾಗೈತೆ ಅಂತ ನನ್ ಹೆಂಡ್ತಿ. ಮನೇಲಿರೋ ಬಲ್ಬ್ ಎಲ್ಲಾ ಚೇಂಜ್ ಮಾಡ್ದೆ. ಕರೆಂಟಿನೋರಿಗೂ ಬೈದೆ. ಕೊನೆಗೆ ಜೀರ್ಗೆ ಅಂತ ಸೋಂಪು ಅರೆದು ಪಾನಿಗಾಕ್ದೆ. ಗಿರಾಕಿ ಮಕ ನೋಡ್ಬೇಕಿತ್ತು ನೀನು.”

ಅವನು ನಗಲಿಲ್ಲ. ಲೋಟ ತೊಳೆದ. ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಸೋಂಪಾ?” ಅಂದ.

“ಸೋಂಪು.”

ಆಗ ನಕ್ಕ. ಭುಜ ಕುಣಿಯುವ ಹಾಗೆ, ಸದ್ದಿಲ್ಲದೆ. ಮೊದಲೂ ಹಾಗೇ ನಗುತ್ತಿದ್ದ. ನನಗೆ ಅಲ್ಲೇ ಕೂತುಬಿಡೋಣ ಅನ್ನಿಸಿತು. ರೈಲಿನ ಹೊತ್ತಾಗಿತ್ತು. ಹೊರಟೆ. ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಕರೆದ.

“ಲೇ ಸೆಲ್ವ. ಆ ಆಸ್ಪತ್ರೇಲಿ ಬರೀ ಕಣ್ಣೊಂದೇ ನೋಡ್ತಾರಾ?”

ತಿರುಗಿ ನೋಡಲಿಲ್ಲ ನಾನು. ನೋಡಿದ್ದರೆ ಅವನು ಮಾತು ಬದಲಾಯಿಸುತ್ತಿದ್ದ. “ಕಿವಿ, ಮೂಗು ನೋಡೋರು ಪಕ್ಕದ್ ರೂಮಲ್ಲೇ ಇರ್ತಾರೆ. ಬುಧವಾರ ನಾನು ಕಣ್ ತೋರ್ಸಾಕೆ ಓಗ್ಬೇಕು, ಜೊತೆಗೆ ಬರೋರ್ ಯಾರೂ ಇಲ್ಲ” ಅಂದು ನಡೆದೆ.

ನನ್ನ ಕಣ್ಣಿಗೆ ಏನೂ ಆಗಿಲ್ಲ, ಚೆನ್ನಾಗಿದೆ. ಬುಧವಾರ ಅವನು ಹೊರಟರೆ, ಎಲ್ಲಿಗೆ ಅಂತ ಯಾರೂ ಕೇಳಬೇಡಿ.

ಸೆಲ್ವ ಮಾಮ

*

ಬಂಗಾರಪೇಟೆ
೨ ಏಪ್ರಿಲ್ ೨೦೨೪

ಮಾಮ,

ಎಲ್ಲಿಗೆ ಅಂತ ಕೇಳಲಿಲ್ಲ. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, “ಸೆಲ್ವನ ಕಣ್ ತೋರ್ಸಾಕೆ ಓಯ್ತಾ ಇವ್ನಿ, ಅವ್ನಿಗ್ಯಾರೂ ದಿಕ್ಕಿಲ್ಲ” ಎಂದರು. ಅಮ್ಮ “ಊಂ” ಎಂದಳು. ನಾನು ಚಪಾತಿಯ ಹಿಟ್ಟು ನಾದುತ್ತಿದ್ದೆ. ಬಾಯಿಗೆ ಬಂದ ಪ್ರಶ್ನೆಯನ್ನೆಲ್ಲ ಆ ಹಿಟ್ಟಿಗೇ ಒತ್ತಿದೆ.

ಅಂದು ಅಲ್ಲಿ ಏನಾಯಿತೆಂದು ನಿಮಗೆ ಗೊತ್ತು. ಆಮೇಲಿನದು ಹೇಳುತ್ತೇನೆ. ಮೂರನೆಯ ದಿನ ಊಟದ ಮಧ್ಯೆ ಅಪ್ಪ, ಅನ್ನವನ್ನೇ ನೋಡುತ್ತಾ, “ಮೂಗೊಳಗೆ ಮಾಂಸ ಬೆಳ್ದೈತಂತೆ. ಎರಡೂ ಕಡೆ. ದ್ರಾಕ್ಷಿ ಗೊನೆ ಇದ್ದಂಗೆ. ವಾಸ್ನೆ ಮೇಲಕ್ಕೆ ಓಗಾಕೆ ದಾರೀನೇ ಇಲ್ಲ” ಎಂದರು. ಮತ್ತೆ ತಕ್ಷಣ, “ಅದೇನ್ ದೊಡ್ಡದಲ್ಲ. ಎಲ್ಲ್ರಿಗೂ ಆಗ್ತೈತೆ” ಎಂದರು.

ನಾನು ಆವತ್ತೇ ಹೇಳಿರಲಿಲ್ಲವಾ ಎಂಬ ಮಾತು ಗಂಟಲವರೆಗೆ ಬಂತು ಮಾಮ. ನೀರು ಕುಡಿದೆ. ಬದಲಿಗೆ, “ಉಸಿರಾಡಾಕೆ ಕಷ್ಟ ಆಗ್ತೈತಾ ಅಪ್ಪ?” ಎಂದು ಕೇಳಿದೆ. ಅಪ್ಪ ಮೊದಲ ಬಾರಿ ನೇರವಾಗಿ ನನ್ನನ್ನು ನೋಡಿದರು. “ಮಲಗ್ದಾಗ” ಎಂದರು. ಅಷ್ಟು ದಿನದ ಮೇಲೆ ನನಗೆ ಹೇಳಿದ ಮೊದಲ ಮಾತು ಅದು. ನಾನು ಒಳಗೆ ಹೋಗಿ ಅತ್ತೆ.

ಸಂಘದಲ್ಲೂ ಒಂದು ನಡೆಯಿತು. ಗಂಗರತ್ನಮ್ಮ ಎಂಬುವರು ದಿನಾ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಫ್ಯಾಟ್ ಕಡಿಮೆ ಅಂದರೆ, “ನಾನ್ ನೀರಾಕ್ತೀನಾ? ಆಣೆ ಮಾಡ್ಲಾ?” ಮೊನ್ನೆ ನಾನು ಫ್ಯಾಟಿನ ಮಾತೇ ಬಿಟ್ಟು, “ಹಸು ಮೇವು ತಿಂತಾ ಐತಾ ಅಮ್ಮ?” ಎಂದೆ. ಅವರು ಹಾಲಿನ ಕ್ಯಾನು ಕೆಳಗಿಟ್ಟು, “ಇಲ್ಲ ಕಣಮ್ಮ, ಮೂರ್ ದಿನದಿಂದ ಬಾಯೇ ಆಕಿಲ್ಲ” ಎಂದು ಕಣ್ಣೊರೆಸಿಕೊಂಡರು. ಪಶು ವೈದ್ಯರನ್ನು ಕಳಿಸಿದೆವು. ಹಸು ಈಗ ಚೇತರಿಸಿಕೊಂಡಿದೆ. ಗಂಗರತ್ನಮ್ಮ ಜಗಳ ಮಾತ್ರ ಬಿಟ್ಟಿಲ್ಲ, ಸ್ವಲ್ಪ ಮೆಲ್ಲಗೆ ಮಾಡುತ್ತಾರೆ.

ಮುಂದಿನ ವಾರ ಅಪ್ಪನ ಆಪರೇಷನ್. ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತಾರಂತೆ. ಬೇರೆ ಏನಾದರೂ ಇದ್ದರೆ ಅದರಲ್ಲಿ ತಿಳಿಯುತ್ತದೆ ಎಂದು, ಎರಡನೇ ಸಲ ನಾನೂ ಜೊತೆಗೆ ಹೋಗಿದ್ದಾಗ, ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅಮ್ಮನಿಗೆ ಹೇಳಿಲ್ಲ. ಅಪ್ಪನಿಗೆ ಗೊತ್ತು ಅಂತ ನನಗನ್ನಿಸುತ್ತದೆ. ಗಾಡಿಗೆ ಬಣ್ಣ ಹೊಡೆಸುತ್ತಿದ್ದಾರೆ. ಯಾಕೆ ಈಗ ಅಂದರೆ, “ಸುಮ್ನೆ” ಎನ್ನುತ್ತಾರೆ.

ಅರುಣಾ

*

ಬಂಗಾರಪೇಟೆ
೨೧ ಏಪ್ರಿಲ್ ೨೦೨೪

ಮಾಮ,

ಫೋನ್ ಮಾಡಬೇಕೆಂದಿದ್ದೆ. ಆದರೆ ಕಾಗದ ಅಂದಿದ್ದೀರಿ, ಅದಕ್ಕೇ ಇದನ್ನು ಸ್ಟೇಷನ್‌ನಲ್ಲಿ ಸಿಕ್ಕ, ನಿಮ್ಮ ಕಡೆ ಹೊರಟಿರುವ ಆದಿನಾರಾಯಣ ಅಣ್ಣನ ಕೈಯಲ್ಲಿ ಈಗಲೇ ಕಳಿಸುತ್ತಿದ್ದೇನೆ.

ರಿಪೋರ್ಟ್ ಬಂತು. ಏನೂ ಇಲ್ಲ! ಬರೀ ಮಾಂಸ. ಕೆಟ್ಟದ್ದು ಯಾವುದೂ ಇಲ್ಲ. ಡಾಕ್ಟರು ಎರಡು ಸಲ ಓದಿ ಹೇಳಿದರು. ಅಮ್ಮ ಆಸ್ಪತ್ರೆಯ ವರಾಂಡದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡಳು. ಅವಳಿಗೂ ಗೊತ್ತಿತ್ತಂತೆ, ನನಗೆ ಹೆದರಿಕೆ ಆಗುತ್ತೆ ಅಂತ ಹೇಳಿರಲಿಲ್ಲವಂತೆ. ನಾವು ಮೂವರೂ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಎಷ್ಟು ದಿನ ಒಂದೇ ಮನೆಯಲ್ಲಿ ಓಡಾಡಿದೆವು ನೋಡಿ.

ವಾಸನೆ ಇನ್ನೂ ಬಂದಿಲ್ಲ. ವಾರಗಟ್ಟಲೆ ಹಿಡಿಯಬಹುದು, ಮೂಗಿಗೆ ದಿನಾ ಔಷಧಿ ಹೊಡೆದುಕೊಳ್ಳಬೇಕು ಎಂದಿದ್ದಾರೆ. ಬಂದರೆ ಬರಲಿ, ಬರದಿದ್ದರೆ ಇರಲಿ. ಇವತ್ತು ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡೆವು.

ಅರುಣಾ

*

ಬಂಗಾರಪೇಟೆ
೧೯ ಮೇ ೨೦೨೪

ಸೆಲ್ವನಿಗೆ,

ನಾನು ಕೋದಂಡಪ್ಪ. ಕಾಗದ ಬರೆದು ರೂಢಿಯಿಲ್ಲ. ಅರುಣಾ ಬರೆದುಕೊಡುತ್ತೇನೆ ಅಂದಳು, ಬೇಡ ಅಂದೆ. ನೀನೂ ಅವಳೂ ತಿಂಗಳುಗಟ್ಟಲೆ ನನ್ನ ವಿಷಯವಾಗಿ ಕಾಗದ ಬರೆದುಕೊಳ್ಳುತ್ತಿದ್ದಿರಂತೆ. ಮೊನ್ನೆ ಅವಳೇ ಹೇಳಿದಳು. ರೇಗಿತು. ಎರಡು ಹೊತ್ತು ಊಟ ಬಿಟ್ಟೆ. ಸಂಜೆ ಹಸಿವಾಗಿ ತಿಂದೆ.

ಒಂದು ವಿಷಯ ತಿಳಿದುಕೊ. ಮೂಗಿನ ಸಂಗತಿ ನನಗೆ ಮೊದಲೇ ಗೊತ್ತಿತ್ತು. ಮನೆಯವರು ಹೆದರುತ್ತಾರೆ ಅಂತ ಹೇಳಿರಲಿಲ್ಲ. ಯಾರೂ ನನಗೆ ಬುದ್ಧಿ ಕಲಿಸಲಿಲ್ಲ, ನಾನಾಗಿಯೇ ಬಂದೆ.

ಇದನ್ನು ಬರೆದು ಮತ್ತೆ ಓದಿದೆ. ಹೊಡೆದು ಹಾಕೋಣ ಅನ್ನಿಸಿತು. ಇರಲಿ ಬಿಡು, ನಾನು ಹೇಗೆ ಅಂತ ನಿನಗೆ ಗೊತ್ತಲ್ಲ.

ಗೊತ್ತಿದ್ದದ್ದು ನಿಜ. ಹೆದರಿದ್ದೂ ನಿಜ. ಬೆಳಿಗ್ಗೆ ಎದ್ದು ಕೊತ್ತಂಬರಿ ಕಟ್ಟು ಮೂಗಿಗೆ ಹಿಡಿದರೆ ಬರೀ ಹಸಿರು ಕಾಗದ ಹಿಡಿದಂತೆ ಇರುತ್ತಿತ್ತು. ಗಿರಾಕಿ ಬಾಯಿ ತೆರೆದರೆ ಸಾಕು, ಈಗ ಹೇಳುತ್ತಾನೆ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಹೇಳುವ ಮೊದಲೇ ನಾನು ಬೈದುಬಿಡುತ್ತಿದ್ದೆ. ಆ ದಿನ ಗ್ಯಾಸಿನ ಮುಂದೆ ನಿಂತ ಮೇಲೆ, ನಾನು ಒಂದು ಗಳಿಗೆ ಮೊದಲೇ ಲೈಟರ್ ಒತ್ತಿದ್ದರೆ ಹೊಸಿಲಲ್ಲಿದ್ದ ಮಗಳೂ ಬೆಂಕಿಗೆ ಸಿಗುತ್ತಿದ್ದಳು ಅನ್ನುವುದೇ ತಲೆಯಲ್ಲಿ ತಿರುಗುತ್ತಿತ್ತು. ಅದನ್ನು ಅವಳಿಗೆ ಹೇಳಲಾಗದೆ ಮಾತೇ ಬಿಟ್ಟೆ. ಈಗ ಹೇಳಿದ್ದೇನೆ. ನಿನ್ನೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಕೂತಳು.

ಮುಖ್ಯ ಸಂಗತಿ ಬರೆಯಲು ಮರೆತೆ. ವಾಸನೆ ಬಂತು ಕಣೋ! ಹೋದ ಸೋಮವಾರ ಮನೆಯ ಹಿಂದೆ ಹಲ್ಲುಜ್ಜುತ್ತಿದ್ದೆ. ಏನೋ ಗಬ್ಬು. ಕದಿರಮ್ಮನನ್ನು ಕೂಗಿ ಏನದು ಅಂದೆ. “ಮೋರಿ ಕಟ್ಕೊಂಡೈತೆ, ಇನ್ನೇನು” ಅಂದಳು. ಅಂದವಳು ಹಾಗೇ ನನ್ನ ಮುಖ ನೋಡುತ್ತಾ ನಿಂತುಬಿಟ್ಟಳು. ನಾವಿಬ್ಬರೂ ಆ ಮೋರಿಯ ಪಕ್ಕ ನಿಂತು ನಕ್ಕದ್ದು ನೋಡಿ ಶ್ಯಾಮಲಮ್ಮ ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು. ಆಮೇಲೆ ಒಂದೊಂದಾಗಿ ಬಂದವು. ಕದಿರಮ್ಮನ ತಲೆಯ ಎಣ್ಣೆ. ಬೆಳ್ಳುಳ್ಳಿ. ಶುಂಠಿ ಇನ್ನೂ ಸರಿಯಾಗಿ ಇಲ್ಲ, ದೂರದಲ್ಲಿ ಯಾರೋ ಅರೆದ ಹಾಗೆ. ಪೂರ್ತಿ ಬರುತ್ತೋ ಇಲ್ಲವೋ ಡಾಕ್ಟರು ಖಚಿತ ಹೇಳುವುದಿಲ್ಲ.

ಅದಕ್ಕೇ ಒಂದು ಮಾತು. ವಾರಕ್ಕೊಂದು ಸಲ, ಭಾನುವಾರ, ಇಲ್ಲಿಗೆ ಬಾ. ಮಧ್ಯಾಹ್ನ ಇಲ್ಲೇ ಊಟ. ಪಾನಿ ನಾನು ಮಾಡುತ್ತೇನೆ, ನೀನು ರುಚಿ ನೋಡು. ಹೆಚ್ಚು ಕಡಿಮೆ ಆಗಿದ್ದರೆ ಹೇಳು. ಹೇಳಿದಾಗ ನಾನು ರೇಗುತ್ತೇನೆ. ಈ ವಯಸ್ಸಿಗೆ ಅದು ಬಿಡುವುದಿಲ್ಲ, ಸುಳ್ಳು ಹೇಳಲಾರೆ. ರೇಗಿದರೆ ರೇಗಲಿ ಅಂದುಕೊ. ಅಲ್ಲೇ ಕೂತಿರು, ಎದ್ದು ಹೋಗಬೇಡ.

ನಿನ್ನವ,
ಕೋದಂಡ